ನಾವು ವಿಲ್ಲೀಸ್ ಅಂದುಕೊಂಡಿದ್ದ ಜೀಪು

ಮೂಡಿಗೆರೆ ಕಡೆಯ ನಮ್ಮ ತೋಟದಲ್ಲಿ ಹಳೆಯ ದನದ ಕೊಟ್ಟಿಗೆಯೊಂದಿದೆ. ದನ ಕಟ್ಟುವುದು ನಿಂತ ಮೇಲೆ ಅಲ್ಲಿ ಖಾಲಿ ಗೋಣಿಚೀಲ, ಏಣಿ, ಔಷಧಿ ಹೊಡೆಯುವ ಮುರುಕು ಪಂಪು ಎಲ್ಲ ಸೇರಿಕೊಂಡವು. ಅವುಗಳ ಅಡಿಯಲ್ಲಿ ಅಜ್ಜನ ಜೀಪು ಇತ್ತು. 1994ರ ಮಳೆಗಾಲಕ್ಕೆ ಮುಂಚೆ ಅದನ್ನು ಒಳಗೆ ನಿಲ್ಲಿಸಿದ್ದು. ಅದೇ ವರ್ಷ ಡೀಸೆಲ್ ಜೀಪು ಬಂತು. ಇದರ ಕಡೆ ಮತ್ತೆ ಯಾರೂ ತಿರುಗಿ ನೋಡಲಿಲ್ಲ.

2021ರ ಅಕ್ಟೋಬರಿನಲ್ಲಿ ಮಳೆ ಹೊರಟ ಮೇಲೆ ನಾನು ಗೋಣಿಚೀಲ ಎತ್ತಿಸಿದೆ. ನಾಲ್ಕೂ ಟಯರು ನೆಲಕ್ಕೆ ಅಂಟಿದ್ದವು. ಸೀಟಿನ ತೆಂಗಿನ ನಾರಿನಲ್ಲಿ ಇಲಿ ಗೂಡು ಕಟ್ಟಿತ್ತು. ಬಾನೆಟ್ ಎತ್ತಿದರೆ ಏರ್ ಕ್ಲೀನರ್ ಇರಲಿಲ್ಲ, ಕಾರ್ಬರೇಟರಿನ ಬಾಯಿಗೆ ಒಂದು ಹರಕು ಬಟ್ಟೆ ತುರುಕಿದ್ದರು. ಆದರೆ ಚಾಸಿ ನೆಟ್ಟಗಿತ್ತು. ಸುತ್ತಿಗೆಯಲ್ಲಿ ಉದ್ದಕ್ಕೂ ತಟ್ಟುತ್ತಾ ಹೋದೆ, ಎಲ್ಲ ಕಡೆ ಗಟ್ಟಿ ಸದ್ದು ಬಂತು. ತುಕ್ಕು ಹಿಡಿದು ಟೊಳ್ಳಾದ ಕಡೆ ಸದ್ದು ಮಂಕಾಗುತ್ತದೆ. ಈ ಜೀಪು ಎದ್ದು ನಿಲ್ಲುತ್ತದೆ ಅಂತ ನನಗೆ ಧೈರ್ಯ ಬಂದದ್ದು ಆಗ.

ಮಲೆನಾಡಿನಲ್ಲಿ ಜೀಪು ಅಂದರೆ ಹೆಚ್ಚಿನವರ ಕಣ್ಣ ಮುಂದೆ ಬರುವುದು ಮಹೀಂದ್ರ. ಇದು ಅದಲ್ಲ. ಮುಂದಿನ ಜಾಲರಿಯಲ್ಲಿ ಏಳು ಸೀಳಿನ ಬದಲು ಒಂಬತ್ತು ಇವೆ. ಹೆಡ್‌ಲೈಟು ಚಿಕ್ಕದು, ಜಾಲರಿಯ ಹಿಂದೆ ಕೂತಿದೆ. ಬಾನೆಟ್ ತಗ್ಗು. ಹಿಂದೆ ಬಾಗಿಲಿಲ್ಲ, ಪೂರ್ತಿ ಗೋಡೆ. ಎರಡನೇ ಮಹಾಯುದ್ಧದ ಮಿಲಿಟರಿ ಜೀಪಿನ ಗುರುತು ಇವು. ಅಜ್ಜ 1950ರ ದಶಕದಲ್ಲಿ ಬೆಂಗಳೂರಿನಿಂದ ಇದನ್ನು ಸೆಕೆಂಡ್ ಹ್ಯಾಂಡ್ ತಂದಿದ್ದರು. ಆರ್‌ಸಿ ಪುಸ್ತಕದಲ್ಲಿ ವಿಲ್ಲೀಸ್ ಅಂತ, ಅಂದರೆ ಯುದ್ಧಕಾಲದಲ್ಲಿ ಈ ಜೀಪು ಮಾಡಿದ ಅಮೆರಿಕದ ಕಂಪನಿಯ ಹೆಸರು ಬರೆದಿದೆ. ಮನೆಯಲ್ಲೂ ಎಲ್ಲರೂ ವಿಲ್ಲೀಸ್ ಅಂತಲೇ ಕರೆಯುತ್ತಿದ್ದರು.

ಬಿಚ್ಚುವ ಕೆಲಸ ಶುರುವಾದ ಮೊದಲ ದಿನವೇ ಒಂದು ವೀಲ್ ಸ್ಟಡ್, ಅಂದರೆ ಚಕ್ರದ ನಟ್ಟು ಕೂರುವ ಬೋಲ್ಟು, ಮುರಿಯಿತು. ಎಡಗಡೆಯ ಮುಂದಿನ ಚಕ್ರದ ನಟ್ಟು ಸಡಿಲವಾಗಲಿ ಅಂತ ಪಾನಾಕ್ಕೆ ಉದ್ದನೆಯ ಪೈಪು ಸಿಕ್ಕಿಸಿ ಜೋರಾಗಿ ಒತ್ತಿದೆ. ಅದು ಟಕ್ ಅಂತ ಕತ್ತರಿಸಿ ಬಂತು. ಈ ಜೀಪುಗಳಲ್ಲಿ ಎಡಗಡೆಯ ಎರಡು ಚಕ್ರಕ್ಕೂ ಉಲ್ಟಾ ಮರೆ (ತಿರುಪು) ಇರುತ್ತದೆ. ಬಿಚ್ಚಲು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಬೇಕು. ನಾನು ಬಿಗಿ ಮಾಡುತ್ತಲೇ ಇದ್ದೆ. ಹಳೆ ಜೀಪು ಬಿಚ್ಚುವವರು ಇದೊಂದನ್ನು ಮೊದಲು ತಿಳಿದುಕೊಳ್ಳಿ. ಚಕ್ರದ ವಿಷಯದಲ್ಲೇ ಇನ್ನೊಂದು ಮಾತು. ನಮ್ಮದರಲ್ಲಿ ಎರಡು ಚಕ್ರ ಮಹೀಂದ್ರದವು, ಎರಡು ಯುದ್ಧಕಾಲದ ಎರಡು ಹೋಳಿನ ರಿಮ್ಮು. ಹೋಳುಗಳನ್ನು ಸುತ್ತಲೂ ನಟ್ಟು ಹಾಕಿ ಸೇರಿಸಿರುತ್ತಾರೆ. ಗಾಳಿ ಇರುವಾಗ ಆ ನಟ್ಟು ಬಿಚ್ಚಿದರೆ ರಿಮ್ಮು ಸಿಡಿದು ಜೀವಕ್ಕೇ ಅಪಾಯ. ವಾಲ್ವಿನ ಪಿನ್ನು ತೆಗೆದು ಗಾಳಿ ಪೂರ್ತಿ ಹೋಗಿದೆ ಅಂತ ಖಾತ್ರಿಯಾಗುವವರೆಗೆ ಪಾನಾ ಮುಟ್ಟಬಾರದು.

ಸ್ಟಡ್ ಮುರಿದ ಮೇಲೆ ಒಬ್ಬನೇ ಮಾಡುವ ಕೆಲಸ ಇದಲ್ಲ ಅನಿಸಿತು. ಪಕ್ಕದೂರಿನಲ್ಲಿ ಹಳೆಯ ಪೆಟ್ರೋಲ್ ಜೀಪುಗಳ ಮೇಲೆ ಕೈ ಪಳಗಿದ ಮೇಸ್ತ್ರಿ ಒಬ್ಬರಿದ್ದಾರೆ. ವಯಸ್ಸು ಎಪ್ಪತ್ತು ದಾಟಿದೆ. ಭಾನುವಾರ ಮಾತ್ರ ಬರುತ್ತೇನೆ ಎಂದರು. ಮುಂದಿನ ಎರಡು ವರ್ಷ ಸುಮಾರು ಎಲ್ಲ ಭಾನುವಾರ ಬಂದರು.

ಅವರೇ ಮೊದಲು ಹೇಳಿದ್ದು, ಇದು ವಿಲ್ಲೀಸ್ ಅಲ್ಲ ಅಂತ. ರೇಡಿಯೇಟರಿನ ಕೆಳಗೆ ಚಾಸಿಯ ಎರಡು ಬದಿಯನ್ನು ಸೇರಿಸುವ ಅಡ್ಡಪಟ್ಟಿ ಇರುತ್ತದೆ. ವಿಲ್ಲೀಸ್‌ನಲ್ಲಿ ಅದು ದುಂಡನೆಯ ಪೈಪು. ನಮ್ಮದರಲ್ಲಿ ಬೋರಲು ಹಾಕಿದ ದೋಣಿಯಂತೆ ಮಡಚಿದ ಪಟ್ಟಿ. ಅಂದರೆ ನಮ್ಮ ಜೀಪು ಫೋರ್ಡ್ ಕಂಪನಿ ಮಾಡಿದ್ದು, ಅದರ ಮಾದರಿಯ ಹೆಸರು ಜಿಪಿಡಬ್ಲ್ಯೂ. ಅಮೆರಿಕದ ಸೇನೆಗೆ ಒಂದೇ ಕಂಪನಿ ಮಾಡುವ ಜೀಪು ಸಾಲಲಿಲ್ಲ. 1941ರ ಕೊನೆಗೆ ಫೋರ್ಡ್‌ಗೂ ಆರ್ಡರ್ ಕೊಟ್ಟರು. ವಿಲ್ಲೀಸ್‌ನ ನಕ್ಷೆಯನ್ನೇ ಫೋರ್ಡ್ ಅನುಸರಿಸಬೇಕು, ಒಂದರ ಭಾಗ ಇನ್ನೊಂದಕ್ಕೆ ಕೂರಬೇಕು ಅನ್ನುವುದು ಷರತ್ತು. ಜಿಪಿಡಬ್ಲ್ಯೂ ಹೆಸರಿನ ಕೊನೆಯ ಡಬ್ಲ್ಯೂ ಅಂದರೆ ವಿಲ್ಲೀಸ್‌ನ ವಿನ್ಯಾಸ. ಯುದ್ಧ ಮುಗಿಯುವ ಹೊತ್ತಿಗೆ ವಿಲ್ಲೀಸ್ ಮೂರೂವರೆ ಲಕ್ಷಕ್ಕೂ ಜಾಸ್ತಿ, ಫೋರ್ಡ್ ಎರಡೂಮುಕ್ಕಾಲು ಲಕ್ಷಕ್ಕೂ ಜಾಸ್ತಿ ಜೀಪು ಮಾಡಿದ್ದವು.

ಫೋರ್ಡ್ ತಾನು ಮಾಡಿದ ಭಾಗಗಳ ಮೇಲೆ ಎಫ್ ಅಕ್ಷರ ಒತ್ತುತ್ತಿತ್ತು. ಬೋಲ್ಟಿನ ತಲೆಯ ಮೇಲೂ. ಅಂದಿನಿಂದ ಸೀಮೆಎಣ್ಣೆ ಡಬ್ಬದಲ್ಲಿ ನೆನೆಹಾಕಿದ ಪ್ರತಿ ಬೋಲ್ಟನ್ನೂ ಬ್ರಷ್ಷಿನಲ್ಲಿ ಉಜ್ಜಿ ಬೆಳಕಿಗೆ ಹಿಡಿದು ನೋಡುವುದು ಅಭ್ಯಾಸವಾಯಿತು. ಶಾಕಲ್, ಬಂಪರಿನ ಕೊಕ್ಕೆ, ವಿಂಡ್‌ಶೀಲ್ಡಿನ ಕೀಲು, ಎಲ್ಲದರಲ್ಲೂ ಆ ಪುಟ್ಟ ಎಫ್. ಎಡಗಡೆ ಚಾಸಿಯ ಮೇಲ್ಭಾಗದಲ್ಲಿ, ಇಂಜಿನ್ ಕೂರುವ ಜಾಗಕ್ಕಿಂತ ಸ್ವಲ್ಪ ಮುಂದೆ, ಗ್ರೀಸು ಮತ್ತು ಮಣ್ಣು ಕೆರೆದಾಗ ಜಿಪಿಡಬ್ಲ್ಯೂ ಎಂದು ಶುರುವಾಗುವ ನಂಬರೂ ಸಿಕ್ಕಿತು. ಹಾಗಾದರೆ ಆರ್‌ಸಿಯಲ್ಲಿ ವಿಲ್ಲೀಸ್ ಅಂತ ಹೇಗೆ ಬಂತು? ಉತ್ತರ ಇಂಜಿನ್ನಿನ ಬ್ಲಾಕ್ ಮೇಲಿತ್ತು. ಅದರ ನಂಬರು ಎಂಬಿ ಎಂದು ಶುರುವಾಗುತ್ತದೆ, ವಿಲ್ಲೀಸ್ ಮಾಡಿದ ಜೀಪಿನ ಮಾದರಿಯ ಹೆಸರು ಅದು. ಅಂದರೆ ಇಂಜಿನ್ ವಿಲ್ಲೀಸ್‌ನದೇ. ಯಾವುದೋ ವರ್ಕ್‌ಶಾಪಿನಲ್ಲಿ ಫೋರ್ಡ್ ಚಾಸಿಗೆ ವಿಲ್ಲೀಸ್ ಇಂಜಿನ್ ಇಳಿಸಿದ್ದಾರೆ. ಒಂದರದ್ದು ಇನ್ನೊಂದಕ್ಕೆ ಕೂರಬೇಕು ಅಂತ ಷರತ್ತು ಹಾಕಿದ್ದೇ ಇದಕ್ಕಾಗಿ ಅಲ್ವಾ. ನಮ್ಮ ಮನೆಯವರು ಹೇಳುತ್ತಿದ್ದದ್ದು ಅರ್ಧ ಸರಿ.

ಫೋರ್ಡ್ ಇಂಜಿನ್ ಹುಡುಕಿ ಹಾಕಿ ಎಂದು ಕೆಲವರು ಸಲಹೆ ಕೊಟ್ಟರು. ನನಗೆ ಮನಸ್ಸು ಬರಲಿಲ್ಲ. ಅಜ್ಜ ಓಡಿಸಿದ್ದು ಈ ಇಂಜಿನ್ನಿನಲ್ಲಿ. ಈ ಜೀಪಿನ ಬದುಕಿನ ಬಹುಪಾಲು ಇದೇ ಇಂಜಿನ್ ದುಡಿದಿದೆ. ಅದು ಇಲ್ಲೇ ಇರಲಿ ಎಂದು ಅವತ್ತೇ ತೀರ್ಮಾನ ಮಾಡಿದೆ.

ಆದರೆ ಆ ಇಂಜಿನ್ ಹಿಡಿದುಕೊಂಡಿತ್ತು. ಮುಂದಿನಿಂದ ಹ್ಯಾಂಡಲ್ ಹಾಕಿದರೆ ಕೂದಲೆಳೆಯಷ್ಟೂ ಅಲುಗಲಿಲ್ಲ. ಇಲ್ಲಿ ಅವಸರ ಮಾಡಿದರೆ ರಿಂಗು ಮುರಿಯುತ್ತದೆ, ಕನೆಕ್ಟಿಂಗ್ ರಾಡು ಬಾಗುತ್ತದೆ. ಪ್ಲಗ್ಗು ಬಿಚ್ಚಿ ನಾಲ್ಕೂ ಸಿಲಿಂಡರಿಗೆ ಡೀಸೆಲ್ ಮತ್ತು ಸ್ಟೇರಿಂಗ್ ಎಣ್ಣೆ ಬೆರೆಸಿ ಸುರಿದೆವು. ಎರಡು ವಾರ ಬಿಟ್ಟೆವು. ಮೂರು ಸಿಲಿಂಡರಿನಲ್ಲಿ ಎಣ್ಣೆ ಇಳಿದಿತ್ತು. ಮೂರನೆಯದರಲ್ಲಿ ಹಾಗೇ ನಿಂತಿತ್ತು. ತೊಂದರೆ ಎಲ್ಲಿದೆ ಅಂತ ಅದರಿಂದಲೇ ಗೊತ್ತಾಯಿತು.

ಇದು ಸೈಡ್ ವಾಲ್ವ್ ಇಂಜಿನ್. ವಾಲ್ವುಗಳು ಹೆಡ್ಡಿನಲ್ಲಿಲ್ಲ, ಬ್ಲಾಕಿನಲ್ಲೇ ಸಿಲಿಂಡರಿನ ಪಕ್ಕ ನಿಂತಿರುತ್ತವೆ. ಹೆಡ್ಡು ಅಂದರೆ ಬರೀ ಮುಚ್ಚಳ. 2,199 ಸಿಸಿ, 60 ಅಶ್ವಶಕ್ತಿ. ಮಹೀಂದ್ರದ ಹೈ ಬಾನೆಟ್ ಪೆಟ್ರೋಲ್ ಜೀಪಿನಲ್ಲಿ ಒಳಗೆ ಎಳೆಯುವ ವಾಲ್ವನ್ನು ಹೆಡ್ಡಿಗೆ ಏರಿಸಿದರು. ಇಂಜಿನ್ ಎತ್ತರವಾಯಿತು, ಅದಕ್ಕೇ ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ಹೆಡ್ಡಿನ ನಟ್ಟುಗಳಿಗೆ ಸಣ್ಣಗೆ ಬೆಂಕಿ ತೋರಿಸಿ, ಎಣ್ಣೆ ಬಿಟ್ಟು, ದಿನಕ್ಕೆ ಸ್ವಲ್ಪ ಸ್ವಲ್ಪ ತಿರುಗಿಸಿ ಐದು ದಿನದಲ್ಲಿ ಬಿಚ್ಚಿದೆವು. ಒಂದೂ ಸ್ಟಡ್ ಮುರಿಯಲಿಲ್ಲ.

ಹೆಡ್ಡು ಎತ್ತಿದಾಗ ಮೂರನೇ ಸಿಲಿಂಡರಿನ ಒಂದು ವಾಲ್ವು ತೆರೆದೇ ನಿಂತಿತ್ತು. ಇಪ್ಪತ್ತೆಂಟು ಮಳೆಗಾಲದ ತೇವ ಅಲ್ಲಿಂದ ಒಳಗೆ ಹೋಗಿದೆ. ಪಿಸ್ಟನ್ನು ಕೆಳಗಿತ್ತು, ಅದರ ಮೇಲಿನ ಗೋಡೆಗೆ ಕೆಂಪು ತುಕ್ಕು ಹುರುಪೆಯಂತೆ ಕಟ್ಟಿತ್ತು. ಆ ಗೋಡೆಯನ್ನು ಎಣ್ಣೆ ಹಚ್ಚಿದ ಎಮರಿ ಬಟ್ಟೆಯಲ್ಲಿ ಉಜ್ಜಿ ನುಣ್ಣಗೆ ಮಾಡಿದ ಮೇಲೆ ಇಂಜಿನ್ನನ್ನು ಹೊರಗೆ ಇಳಿಸಿದೆವು. ಫ್ಲೈವೀಲಿನ ಹಲ್ಲಿಗೆ ಸಬ್ಬಲು ಆನಿಸಿ ನಾನು ಹಿಂದಕ್ಕೆ ಮುಂದಕ್ಕೆ ತಳ್ಳುವುದು, ಮೇಸ್ತ್ರಿ ಗಟ್ಟಿ ಮರದ ತುಂಡಿಟ್ಟು ಪಿಸ್ಟನ್ನಿನ ಮೇಲೆ ಮೆಲ್ಲಗೆ ತಟ್ಟುವುದು. ಮಧ್ಯಾಹ್ನದವರೆಗೆ ಏನೂ ಆಗಲಿಲ್ಲ. ಊಟ ಮುಗಿಸಿ ಬಂದು ಮತ್ತೆ ತಳ್ಳಿದಾಗ ಒಂದು ಹಲ್ಲಿನಷ್ಟು ಸರಿಯಿತು. ಆಮೇಲೆ ಎರಡು ಹಲ್ಲು. ಸಂಜೆ ಹೊತ್ತಿಗೆ ಒಂದು ಸುತ್ತು ಪೂರ್ತಿ ತಿರುಗಿತು. ಮೇಸ್ತ್ರಿ ಏನೂ ಮಾತಾಡದೆ ಕೈ ಒರೆಸಿಕೊಂಡು ಬೀಡಿ ಹಚ್ಚಿದರು. ನನಗೆ ಕಣ್ಣು ತುಂಬಿ ಬಂತು.

ವಾಲ್ವು ತೆಗೆಯುವ ಕೆಲಸಕ್ಕೆ ತಾಳ್ಮೆ ಬೇಕು. ಮ್ಯಾನಿಫೋಲ್ಡ್ ಬಿಚ್ಚಿದರೆ ಹಿಂದೆ ಒಂದು ಪ್ಲೇಟು, ಅದರೊಳಗೆ ಸ್ಪ್ರಿಂಗುಗಳು. ಸ್ಪ್ರಿಂಗು ಒತ್ತಿ ಹಿಡಿದು ಬೆರಳ ತುದಿಯಷ್ಟು ದೊಡ್ಡ ಎರಡು ಲಾಕು ಹೊರಗೆ ತೆಗೆಯಬೇಕು. ಕೈ ಜಾರಿದರೆ ಆ ಲಾಕು ನೇರ ಕೆಳಗಿನ ತೂತಿನಿಂದ ಎಣ್ಣೆಯ ಚೇಂಬರಿಗೆ ಬೀಳುತ್ತದೆ. ಅದಕ್ಕೇ ಮೊದಲು ಕೆಳಗಿನ ತೂತುಗಳಿಗೆಲ್ಲ ಬಟ್ಟೆ ತುರುಕಬೇಕು. ಎಂಟರಲ್ಲಿ ಮೂರು ವಾಲ್ವು ಗೈಡಿನಲ್ಲೇ ಅಂಟಿದ್ದವು. ಒಂದನ್ನು ಬಿಡಿಸಲು ಎರಡು ಭಾನುವಾರ ಬೇಕಾಯಿತು.

ಬ್ಲಾಕನ್ನು ಹಾಸನದ ಒಂದು ಬೋರಿಂಗ್ ಅಂಗಡಿಗೆ ಕೊಟ್ಟೆ. ಹಿಂದೆ ಯಾರೋ ಆಗಲೇ ಒಮ್ಮೆ ಬೋರು ಮಾಡಿಸಿದ್ದರು, ಅಂದರೆ ಸವೆದ ಸಿಲಿಂಡರನ್ನು ಕೊರೆಸಿ ಅಗಲ ಮಾಡಿಸಿದ್ದರು. ಇನ್ನೂ ಕೊರೆಯುವುದು ಬೇಡ ಎಂದು ಒಳಗೆ ಲೈನರ್ ಎಂಬ ಹೊಸ ಕೊಳವೆ ಹಾಕಿಸಿ ಮೂಲದ 3.125 ಇಂಚಿಗೆ ವಾಪಸ್ ತಂದೆವು. ಕ್ರ್ಯಾಂಕು ಪಾಲಿಶ್, ಹೊಸ ಬೇರಿಂಗು, ಹೊಸ ಟೈಮಿಂಗ್ ಚೈನು. ಕ್ರ್ಯಾಂಕಿನ ಹಿಂದಿನ ತುದಿಗೆ ಈ ಇಂಜಿನ್ನಿನಲ್ಲಿ ಹಗ್ಗದ ಸೀಲು ಇರುತ್ತದೆ. ಹೊಸದು ಹಾಕಿದರೂ ಸ್ವಲ್ಪ ಎಣ್ಣೆ ತೊಟ್ಟಿಕ್ಕುತ್ತದೆ. ಅದರ ಜೊತೆ ಬದುಕಬೇಕು.

ನಡುವೆ ಕಾಫಿ ಕುಯ್ಲು ಬಂತು. ಡಿಸೆಂಬರಿನಿಂದ ಫೆಬ್ರವರಿವರೆಗೆ ಜೀಪಿನ ಕಡೆ ತಲೆ ಹಾಕಲೂ ಸಮಯವಿಲ್ಲ. ಬೇಸಿಗೆಯಲ್ಲಿ ಬ್ರೇಕು ಹಿಡಿದೆವು.

ಬ್ರೇಕು ಬಿಚ್ಚಿದಾಗ ನನಗೆ ನಿಜವಾಗಲೂ ಭಯವಾಯಿತು. ಮುಂದಿನ ಬಲ ಚಕ್ರದ ಸಿಲಿಂಡರು ಯಾವಾಗಲೋ ಸೋರಲು ಶುರುವಾಗಿದೆ. ರಿಪೇರಿ ಮಾಡುವ ಬದಲು ಅದಕ್ಕೆ ಹೋಗುವ ತಾಮ್ರದ ಪೈಪನ್ನು ಸುತ್ತಿಗೆಯಲ್ಲಿ ಬಡಿದು ಚಪ್ಪಟೆ ಮಾಡಿ ಮುಚ್ಚಿದ್ದಾರೆ. ಅಂದರೆ ಕೊನೆಯ ವರ್ಷಗಳಲ್ಲಿ ಈ ಜೀಪು ಮೂರು ಚಕ್ರದ ಬ್ರೇಕಿನಲ್ಲಿ ಘಾಟಿ ಇಳಿದಿದೆ. ಇದರ ಬ್ರೇಕು ಒಂದೇ ಸರ್ಕ್ಯೂಟಿನದು, ಎಲ್ಲಿ ಒಡೆದರೂ ಪೆಡಲು ನೆಲಕ್ಕೆ ಹೋಗುತ್ತದೆ. ಡ್ರಮ್ಮು ಬರೀ 9 ಇಂಚು. ಜೀಪಿನ ತೂಕ ಸುಮಾರು 1,100 ಕೆಜಿ. ಮೇಲೆ ಕಾಫಿ ಮೂಟೆ, ಐದಾರು ಜನ. ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಹಳೆಯವರ ರಿಪೇರಿಗಳಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ತೆಗೆಯಬೇಕು ಅಂತ ಆಗಿನಿಂದ ಒಂದೊಂದಾಗಿ ಯೋಚಿಸತೊಡಗಿದೆ. ಬ್ರೇಕಿನಲ್ಲಿ ಯೋಚಿಸುವುದೇನೂ ಇರಲಿಲ್ಲ. ಎಲ್ಲ ಪೈಪು ಹೊಸದು, ಎಲ್ಲ ಹೋಸು ಹೊಸದು, ನಾಲ್ಕೂ ಸಿಲಿಂಡರು ಹೊಸದು. ಮುಂದಿನದು 1 ಇಂಚು, ಹಿಂದಿನದು ಮುಕ್ಕಾಲು ಇಂಚು. ತರುವಾಗ ಅಳತೆ ಹೇಳಿಯೇ ತನ್ನಿ, ಅದಲು ಬದಲಾದರೆ ಹಿಂದಿನ ಚಕ್ರ ಮೊದಲು ಹಿಡಿದು ಜೀಪು ಜಾರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ದಿನ ಪೂರ್ತಿ ತಿರುಗಿದೆ. 1947ರಿಂದ ಮಹೀಂದ್ರ ಜೀಪು ಜೋಡಿಸುತ್ತಾ ಬಂದದ್ದರಿಂದ ನಮ್ಮ ದೇಶದಲ್ಲಿ ಈ ಗಾಡಿಯ ಎಷ್ಟೋ ಭಾಗಕ್ಕೆ ಹತ್ತಿರದ ನೆಂಟ ಸಿಗುತ್ತಾನೆ. ಶಿವಾಜಿನಗರದ ಗುಜರಿಯಲ್ಲಿ ಎಫ್ ಗುರುತಿನ ಒಂದು ಹೆಡ್‌ಲೈಟ್ ಬ್ರ್ಯಾಕೆಟ್ಟೂ ಸಿಕ್ಕಿತು. ಈ ಜೀಪಿನ ಹೆಡ್‌ಲೈಟು ಕೀಲಿನ ಮೇಲೆ ನಿಂತಿರುತ್ತದೆ. ರೆಕ್ಕೆ ನಟ್ಟು ಸಡಿಲಿಸಿ ಹಿಂದಕ್ಕೆ ಮಗುಚಿದರೆ ಬೆಳಕು ನೇರ ಇಂಜಿನ್ನಿನ ಮೇಲೆ ಬೀಳುತ್ತದೆ. ಕತ್ತಲಲ್ಲಿ ರಿಪೇರಿ ಮಾಡುವ ಸೈನಿಕನಿಗಾಗಿ ಯಾರೋ ಕೂತು ಯೋಚಿಸಿದ್ದು ಅದು. ಈ ಗಾಡಿಯಲ್ಲಿ ನನಗೆ ತುಂಬ ಇಷ್ಟವಾದ ಭಾಗ ಅದೇ.

ಪೆಟ್ರೋಲ್ ಟ್ಯಾಂಕು ಡ್ರೈವರ್ ಸೀಟಿನ ಅಡಿಯಲ್ಲಿದೆ, 57 ಲೀಟರಿನದು. ಅದು ಕೂರುವ ತೊಟ್ಟಿಯಲ್ಲಿ ನೀರು ನಿಂತು ತಳ ಜರಡಿಯಾಗಿತ್ತು. ಟ್ಯಾಂಕಿನಲ್ಲೂ ನಾಲ್ಕು ಸೂಜಿ ತೂತು. ಎಷ್ಟು ವರ್ಷ ಖಾಲಿ ಬಿದ್ದಿದ್ದರೂ ಪೆಟ್ರೋಲ್ ಟ್ಯಾಂಕಿಗೆ ಮನೆಯಲ್ಲಿ ವೆಲ್ಡಿಂಗ್ ಮಾಡಬೇಡಿ. ಒಳಗಿನ ಆವಿ ಹೊತ್ತಿಕೊಂಡರೆ ಅದು ಬಾಂಬಿಗಿಂತ ಕಡಿಮೆಯಲ್ಲ. ಜಲ್ಲಿ ಮತ್ತು ಸೋಪಿನ ನೀರು ಹಾಕಿ ಅಲ್ಲಾಡಿಸಿ ತುಕ್ಕು ಉದುರಿಸುವುದು ಮಾತ್ರ ನಾನು ಮಾಡಿದೆ. ಬೆಸುಗೆಯನ್ನು ರೇಡಿಯೇಟರ್ ಕೆಲಸದವರಿಗೆ ಬಿಟ್ಟೆ. ಅವರು ಹಬೆ ಹಾಯಿಸಿ, ಆಮೇಲೆ ಮುಟ್ಟಿದರು.

2022ರ ಮಳೆಗಾಲ ಪೂರ್ತಿ ಇಂಜಿನ್ ಜೋಡಿಸುವುದರಲ್ಲಿ ಕಳೆಯಿತು. ಹೊರಗೆ ಧೋ ಅಂತ ಸುರಿಯುತ್ತಿದ್ದರೆ ಕೊಟ್ಟಿಗೆಯಲ್ಲಿ ಬಲ್ಬಿನ ಕೆಳಗೆ ಕೂತು ಟ್ಯಾಪೆಟ್, ಅಂದರೆ ವಾಲ್ವಿನ ಕೆಳಗಿನ ಸಂದು ಹೊಂದಿಸುವುದು ಬಹಳ ನೆಮ್ಮದಿಯ ಕೆಲಸ. ಹದಿನಾಲ್ಕು ಥೌ (ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಪಾಲು), ಎಂಟಕ್ಕೂ ಒಂದೇ. ಪಾಯಿಂಟು ಇಪ್ಪತ್ತು ಥೌ, ಪ್ಲಗ್ಗು ಮೂವತ್ತು. ಸಿಲಿಂಡರುಗಳು ಹೊತ್ತಿಕೊಳ್ಳುವ ಸರದಿ 1-3-4-2. ಹೆಡ್ಡಿನ ನಟ್ಟನ್ನು ಮಧ್ಯದಿಂದ ಶುರು ಮಾಡಿ ಹೊರಗೆ ಹೋಗುತ್ತಾ ಮೂರು ಸುತ್ತಿನಲ್ಲಿ ಬಿಗಿ ಮಾಡಬೇಕು. ಇಂಜಿನ್ ಒಮ್ಮೆ ಬಿಸಿಯಾಗಿ ತಣ್ಣಗಾದ ಮೇಲೆ ಮತ್ತೊಮ್ಮೆ.

ಕರೆಂಟಿನ ವಿಷಯದಲ್ಲಿ ಎಲ್ಲರೂ 12 ವೋಲ್ಟಿಗೆ ಬದಲಾಯಿಸಿ ಎಂದರು. ಇದು 6 ವೋಲ್ಟಿನ ಗಾಡಿ. 6 ವೋಲ್ಟಿಗೆ ಸೆಲ್ಫ್ ಎಳೆಯುವುದಿಲ್ಲ ಎಂಬ ದೂರು ಎಲ್ಲ ಕಡೆ ಇದೆ. ನನ್ನ ಪ್ರಕಾರ ತಪ್ಪು ವೋಲ್ಟಿನದ್ದಲ್ಲ, ವೈರಿನದ್ದು. ವೋಲ್ಟು ಅರ್ಧವಾದರೆ ಅದೇ ಕೆಲಸಕ್ಕೆ ಎರಡರಷ್ಟು ಕರೆಂಟು ಹರಿಯಬೇಕು. ಅದಕ್ಕೆ ದಪ್ಪ ಕೇಬಲ್ ಬೇಕು. ನಮ್ಮ ಜೀಪಿಗೆ ಯಾರೋ ಈಗಿನ ಕಾರಿನ ತೆಳು ಕೇಬಲ್ ಹಾಕಿದ್ದರು. ಹೆಬ್ಬೆರಳು ಗಾತ್ರದ ಕೇಬಲ್ ಹಾಕಿ, ಅರ್ತಿಂಗ್ ಕೂರುವ ಜಾಗದ ಪೇಂಟು ಕೆರೆದು ಬರಿ ಲೋಹಕ್ಕೆ ಬಿಗಿದೆ. ಬ್ಯಾಟರಿ ರಿಪೇರಿಯವರು ಮೂರು ಸೆಲ್ಲಿನ ಬ್ಯಾಟರಿ ಕಟ್ಟಿಕೊಟ್ಟರು. ಕಾಲಿನ ಬಟನ್ ಒತ್ತಿದರೆ ಈಗ ಚಟ್ಟನೆ ತಿರುಗುತ್ತದೆ.

2023ರ ಜನವರಿ 22ರ ಬೆಳಿಗ್ಗೆ ಮೊದಲ ಸಲ ಹೊತ್ತಿಸಿದೆವು. ಮೂರನೇ ಸಲಕ್ಕೆ ಹತ್ತಿಕೊಂಡಿತು. ಆ ಸದ್ದು ಗಡಸಲ್ಲ, ಹೊಲಿಗೆ ಯಂತ್ರದ ಹಾಗೆ ಒಂದೇ ಸಮ. ಅಮ್ಮ ಅಡುಗೆಮನೆಯಿಂದ ಓಡಿ ಬಂದರು. ಎಣ್ಣೆಯ ಪ್ರೆಶರು 40ರಲ್ಲಿ ನಿಂತಿತು. ಎಲ್ಲರೂ ನಗುತ್ತಿದ್ದೆವು.

ಹತ್ತೇ ನಿಮಿಷ. ನೀರಿನ ಮುಳ್ಳು 180 ದಾಟಿತು, 200 ದಾಟಿತು. ಈ ಮೀಟರು ಫ್ಯಾರನ್‌ಹೀಟ್‌ನಲ್ಲಿದೆ, 212 ಅಂದರೆ ನೀರು ಕುದಿಯುವ ಬಿಸಿ. ಅಲ್ಲಿಗೆ ಬರುವ ಮುಂಚೆ ಆಫ್ ಮಾಡಿದೆ. ರೇಡಿಯೇಟರು ಹೊಸ ಕೋರಿನದು. ಪಂಪು ಹೊಸದು. ಥರ್ಮೋಸ್ಟಾಟನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ನೋಡಿದೆವು, ಸರಿಯಾಗಿ ತೆರೆಯಿತು. ಟೈಮಿಂಗ್ ಮತ್ತೆ ನೋಡಿದೆವು. ಬೆಲ್ಟು ಬಿಗಿ ಮಾಡಿದೆವು. ಮರುದಿನ ಹೊತ್ತಿಸಿದರೆ ಮತ್ತೆ ಅದೇ ಕಥೆ. ಇನ್ನೊಂದು ವಿಷಯ ಗಮನಕ್ಕೆ ಬಂತು. ಬ್ಲಾಕಿನ ಮುಂದಿನ ಭಾಗಕ್ಕೆ ಕೈ ಇಟ್ಟರೆ ತಡೆಯಬಹುದು, ಹಿಂದಿನ ಭಾಗ ಮಾತ್ರ ಕೆಂಡ.

ಮೂರು ವಾರ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಕೊನೆಗೆ ಸೇನೆಯ ಹಳೆಯ ರಿಪೇರಿ ಕೈಪಿಡಿಯ ಚಿತ್ರಗಳನ್ನು ಒಂದೊಂದಾಗಿ ನೋಡುತ್ತಾ ಕೂತೆ. ಬ್ಲಾಕಿನ ಸೀಳು ಚಿತ್ರದಲ್ಲಿ ನೀರು ಹರಿಯುವ ಜಾಗದ ಒಳಗೆ ಉದ್ದಕ್ಕೂ ಒಂದು ಕೊಳವೆ ಬರೆದಿತ್ತು. ಪಂಪಿನ ಹಿಂದೆ ಶುರುವಾಗಿ ಬ್ಲಾಕಿನ ಕೊನೆಯವರೆಗೆ ಹೋಗುತ್ತದೆ. ಅದರ ಮೈಯಲ್ಲಿ ಅಲ್ಲಲ್ಲಿ ತೂತು. ರೇಡಿಯೇಟರಿನಿಂದ ಬಂದ ತಣ್ಣನೆಯ ನೀರನ್ನು ಈ ಕೊಳವೆ ಹೊತ್ತುಕೊಂಡು ಹೋಗಿ ಹೊಗೆಯ ವಾಲ್ವುಗಳ ಪಕ್ಕಕ್ಕೇ ಬಿಡುತ್ತದೆ. ಕೊಳವೆ ಇಲ್ಲದಿದ್ದರೆ ನೀರು ಮುಂದೆಯೇ ಸುತ್ತಿ ಮೇಲೆ ಹೋಗಿಬಿಡುತ್ತದೆ. ಹಿಂದಿನ ಸಿಲಿಂಡರುಗಳಿಗೆ ಸರಿಯಾಗಿ ತಲುಪುವುದೇ ಇಲ್ಲ.

ನಮ್ಮ ಬ್ಲಾಕಿನಲ್ಲಿ ಆ ಕೊಳವೆ ಇರಲಿಲ್ಲ. ತಗಡಿನದು ಅದು, ತುಕ್ಕು ತಿಂದು ಪುಡಿಯಾಗಿ, ಬ್ಲಾಕ್ ತೊಳೆಯುವಾಗ ಕೆಸರಿನ ಜೊತೆ ಹೊರಗೆ ಹೋಗಿರಬೇಕು. ಅಲ್ಲೊಂದು ಕೊಳವೆ ಇರಬೇಕು ಅಂತ ನನಗೆ ಗೊತ್ತಿರಲಿಲ್ಲ. ಮೇಸ್ತ್ರಿಯ ಕೈಯಲ್ಲಿ ಹಾದುಹೋದ ಹಳೆ ಇಂಜಿನ್ನುಗಳಲ್ಲೂ ಅದು ಮೊದಲೇ ಕರಗಿ ಹೋಗಿತ್ತೋ ಏನೋ, ಅವರೂ ಅದನ್ನು ಕಂಡಿರಲಿಲ್ಲ. ಈ ಜೀಪುಗಳು ಘಾಟಿ ಹತ್ತುವಾಗ ಕುದಿಯುತ್ತವೆ ಎಂದು ಎಲ್ಲರೂ ಹೇಳುತ್ತಿದ್ದರಲ್ಲ, ಅದರ ಒಂದು ಕಾರಣ ಇಲ್ಲೇ ಇರಬಹುದು ಎಂದರು.

ಹೊಸದನ್ನು ಹೊರದೇಶದಿಂದ ತರಿಸಬಹುದಿತ್ತು. ಆದರೆ ಕಾಯುವಷ್ಟು ತಾಳ್ಮೆ ಉಳಿದಿರಲಿಲ್ಲ. ರೇಡಿಯೇಟರು, ಪಂಪು ಬಿಚ್ಚಿ, ಬಿದಿರಿನ ಸೀಳನ್ನು ಒಳಗೆ ತೂರಿಸಿ ಉದ್ದ ಅಳೆದೆ. ವಾಲ್ವುಗಳು ಎಲ್ಲಿ ಬರುತ್ತವೆ ಅಂತ ಅದರ ಮೇಲೇ ಗುರುತು ಹಾಕಿದೆ. ನಮ್ಮ ಕಡೆ ಹಂಡೆ, ಕೊಡಪಾನ ರಿಪೇರಿ ಮಾಡುವ ಒಬ್ಬರ ಹತ್ತಿರ ಆ ಬಿದಿರನ್ನು ತೆಗೆದುಕೊಂಡು ಹೋದೆ. ಅವರು ಹಿತ್ತಾಳೆ ತಗಡನ್ನು ಮಡಚಿ, ಬೆಸೆದು, ಚಪ್ಪಟೆ ಕೊಳವೆ ಮಾಡಿಕೊಟ್ಟರು. ಗುರುತಿದ್ದ ಕಡೆ ತೂತು ಕೊರೆದೆವು. ಹಿತ್ತಾಳೆ ಬೇಕು ಎಂದು ನಾನೇ ಕೇಳಿದೆ, ಇನ್ನು ಮೇಲೆ ತುಕ್ಕಿನ ಮಾತಿಲ್ಲ. ಮುಂದಿನಿಂದ ನೂಕಿದರೆ ನುಣ್ಣಗೆ ಒಳಗೆ ಹೋಗಿ ಕೂತಿತು.

ಆಮೇಲೆ ನಲವತ್ತು ನಿಮಿಷ ಓಡಿಸಿದೆ. ಮುಳ್ಳು 170ರ ಸುತ್ತ ನಿಂತಿತು. ಈ ಇಂಜಿನ್ ಬಿಚ್ಚುವ ಯಾರೇ ಆಗಲಿ, ಪಂಪು ತೆಗೆದ ದಿನ ಟಾರ್ಚ್ ಹಾಕಿ ಒಳಗೆ ನೋಡಿ. ಇಷ್ಟನ್ನು ಬರೆಯಲಿಕ್ಕಾಗಿಯೇ ನಾನು ಈ ಎಲ್ಲವನ್ನೂ ಬರೆಯಲು ಕೂತದ್ದು ಅಂದರೂ ತಪ್ಪಿಲ್ಲ.

ಬಾಡಿಯ ಕೆಲಸ ಜಾಸ್ತಿ ಹೇಳುವಂಥದ್ದಲ್ಲ, ಆದರೆ ಎರಡು ವಿಷಯ ಇವೆ. ನೆಲದ ತಗಡಿನ ಅಡಿಯಲ್ಲಿ ಟೋಪಿಯಂತೆ ಮಡಚಿದ ಉಕ್ಕಿನ ಪಟ್ಟಿಗಳಿವೆ. ಅವುಗಳ ಒಳಗೆ ಮರ ತುಂಬಿಸಿರುತ್ತಾರೆ. ಆ ಮರ ನೀರು ಕುಡಿದು ಕೊಳೆತು, ಪಟ್ಟಿಯನ್ನೂ ಒಳಗಿನಿಂದ ತಿಂದಿತ್ತು. ಹಳೆ ಮನೆ ಕೆಡವಿದಾಗ ಉಳಿದಿದ್ದ ಹೊನ್ನೆ ಮರದ ತೊಲೆಯಿಂದ ಹೊಸ ಪಟ್ಟಿ ಸೀಳಿಸಿ, ಎಣ್ಣೆ ಕುಡಿಸಿ ಹಾಕಿದೆವು. ನೆಲಕ್ಕೆ 18 ಗೇಜಿನ ಹೊಸ ತಗಡು.

ಎರಡನೆಯದು ಹಿಂದಿನ ಗೋಡೆ. ಮೇಲೆ ಪೂರ್ತಿ ಗೋಡೆ ಅಂತ ಬರೆದೆ, ಈಗ ಹಾಗಿದೆ. ನಮಗೆ ಸಿಕ್ಕಾಗ ಹಾಗಿರಲಿಲ್ಲ. ಕಾಫಿ ಮೂಟೆ ಹತ್ತಿಸಲು ಸುಲಭವಾಗಲಿ ಎಂದು ಅಜ್ಜ ಅದನ್ನು ಕತ್ತರಿಸಿ ಬಾಗಿಲು ಮಾಡಿಸಿದ್ದರು. ಅದನ್ನು ಮುಚ್ಚಲು ನನಗೆ ಇಷ್ಟವಿರಲಿಲ್ಲ. ಆದರೆ ಕತ್ತರಿಸಿದ ಎರಡೂ ಮೂಲೆಯಿಂದ ಬಿರುಕು ಚಕ್ರದ ಮೇಲಿನವರೆಗೆ ಓಡಿತ್ತು. ಆ ಗೋಡೆಯೇ ಬಾಡಿಯ ಎರಡು ಬದಿಯನ್ನು ಹಿಡಿದಿಡುವುದು. ಮುಚ್ಚಲೇಬೇಕಾಯಿತು. ಅಜ್ಜ ಹಿಂದಿನ ಬಂಪರಿಗೆ ಬೆಸೆಸಿದ್ದ ಮರ ಎಳೆಯುವ ದಪ್ಪ ಕೊಕ್ಕೆಯನ್ನು ಹಾಗೇ ಬಿಟ್ಟಿದ್ದೇನೆ. ಅದರಿಂದ ಯಾವ ತೊಂದರೆಯೂ ಇಲ್ಲ. ಅದು ಸೇನೆಯದಲ್ಲ, ನಮ್ಮ ತೋಟದ್ದು.

ಬಾನೆಟ್ಟಿನ ಪೇಂಟು ತೆಗೆಯುವಾಗ ಒಂದು ದಿನ ಪೂರ್ತಿ ಸಂತೋಷಪಟ್ಟೆ. ನೀರು ಹಾಕಿ ಎಮರಿಯಲ್ಲಿ ಮೆಲ್ಲಗೆ ತಿಕ್ಕುತ್ತಾ ಹೋದರೆ ಮೇಲೆ ನೀಲಿ, ಅದರ ಕೆಳಗೆ ಹಸಿರು, ಅದರ ಕೆಳಗೆ ಇನ್ನೊಂದು ಹಸಿರು, ಕೊನೆಗೆ ಮಿಲಿಟರಿಯ ಮಬ್ಬು ಹಸಿರು. ಬದಿಯಲ್ಲಿ ಬಿಳಿ ಬಣ್ಣದಲ್ಲಿ ಇಂಗ್ಲಿಷಿನ ಎಂ ಅಕ್ಷರ, ಪಕ್ಕದಲ್ಲಿ ನಾಲ್ಕು ಅಂಕಿ ಸ್ಪಷ್ಟವಾಗಿ ಬಂತು. ಅಮೆರಿಕದ ಸೇನೆಯ ಜೀಪಿನ ನಂಬರು 20ರಿಂದ ಶುರುವಾಗುತ್ತಿತ್ತು. ಎಂ ಹಾಕುತ್ತಿದ್ದದ್ದು ಬ್ರಿಟಿಷ್ ಸೇನೆಯ ಪದ್ಧತಿ. ಅಂದರೆ ಈ ಬಾನೆಟ್ ಅಮೆರಿಕದಲ್ಲಿ ತಯಾರಾಗಿ ಬ್ರಿಟಿಷರ ಲೆಕ್ಕಕ್ಕೆ ಬಂದದ್ದು. ಹೊಸ ಪೇಂಟು ಹೊಡೆಯುವಾಗ ಅಷ್ಟು ಜಾಗ ಬಿಟ್ಟು ಸುತ್ತ ಹೊಡೆಸಿದೆ. ಅಮೆರಿಕದ ಬಿಳಿ ನಕ್ಷತ್ರ ಬರೆಸಿ ಎಂದು ನೋಡಿದವರೆಲ್ಲ ಹೇಳುತ್ತಾರೆ. ಈ ಜೀಪಿನ ಮೇಲೆ ಅದು ಇದ್ದ ಗುರುತಿಲ್ಲ, ಬರೆಸುವುದಿಲ್ಲ.

ಸ್ಟೇರಿಂಗಿನಲ್ಲಿ ಮುಕ್ಕಾಲು ಗೇಣು ಆಟ ಇತ್ತು. ಎಲ್ಲರೂ ಸುಮ್ನೆ ಬಾಕ್ಸನ್ನು ದೂರುತ್ತಾರೆ. ನಮ್ಮದರಲ್ಲಿ ತಪ್ಪು ಬೆಲ್‌ಕ್ರ್ಯಾಂಕಿನ, ಅಂದರೆ ಸ್ಟೇರಿಂಗಿನ ತಿರುವನ್ನು ಮುಂದಿನ ಎರಡೂ ಚಕ್ರಕ್ಕೆ ದಾಟಿಸುವ ತುಂಡಿನ, ಪಿನ್ನಿನಲ್ಲಿತ್ತು. ಲೇತ್‌ನಲ್ಲಿ ಹೊಸ ಪಿನ್ನು, ಬುಷ್ಷು ಮಾಡಿಸಿದ ಮೇಲೆ ಎರಡು ಬೆರಳಿಗೆ ಇಳಿಯಿತು. ಟಯರು 6.00-16, ಅವು ಸುಲಭವಾಗಿ ಸಿಕ್ಕವು. ಇಂಧನ ಪಂಪಿನ ರಬ್ಬರು ಮಾತ್ರ ಮೂರೇ ತಿಂಗಳಿಗೆ ಉಬ್ಬಿ ಹಾಳಾಯಿತು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ, ಹಳೆಯ ಕಾಲದ ರಬ್ಬರಿಗೆ ಅದು ಆಗಿಬರುವುದಿಲ್ಲ. ಎಥನಾಲ್ ತಡೆಯುವ ಕಿಟ್ಟು ಕೇಳಿ ಹಾಕಿಸಿ. ಪೆಟ್ರೋಲ್ ಹೋಸಿಗೂ ಇದೇ ಮಾತು.

ಕಾಗದ ಪತ್ರದ ಕೆಲಸ ನಡೆಯುತ್ತಿದೆ. 2021ರಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿಯ ನಿಯಮ ತಂದಿತು. ಚಾಸಿ, ಬಾಡಿ, ಇಂಜಿನ್ ಹೆಚ್ಚು ಬದಲಾಗಿರಬಾರದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಹತ್ತು ವರ್ಷದ ಅವಧಿ, ನಂಬರಿನಲ್ಲಿ ವಿಎ ಎಂಬ ಅಕ್ಷರ ಬರುತ್ತದೆ. ನಮ್ಮ ಆರ್‌ಸಿಯಲ್ಲಿ ಎಂವೈ ಎಂದು ಶುರುವಾಗುವ ಹಳೆಯ ಮೈಸೂರು ರಾಜ್ಯದ ನಂಬರಿದೆ, ಕಂಪನಿಯ ಹೆಸರು ವಿಲ್ಲೀಸ್ ಎಂದಿದೆ. ಚಾಸಿ ನಂಬರು, ಇಂಜಿನ್ ನಂಬರು, ಅಡ್ಡಪಟ್ಟಿ ಎಲ್ಲದರ ಫೋಟೊ ತೆಗೆದು ಜೊತೆಗೆ ಕೊಟ್ಟಿದ್ದೇನೆ. ನೋಂದಣಿ ಆಗುವವರೆಗೆ ಜೀಪು ತೋಟದ ಗೇಟು ದಾಟುವುದಿಲ್ಲ.

ತೋಟದೊಳಗೆ ಅದಕ್ಕೆ ಬೇಕಾದಷ್ಟು ದಾರಿ ಇದೆ. ಇದರ ಸ್ಟೇರಿಂಗು ಎಡಗಡೆ. ಗೇರ್ ಲಿವರಿನ ಬಲಕ್ಕೆ ಇನ್ನೆರಡು ಲಿವರ್. ಒಂದು ಮುಂದಿನ ಹೌಸಿಂಗಿಗೆ, ಅಂದರೆ ಮುಂದಿನ ಚಕ್ರಕ್ಕೂ ಇಂಜಿನ್ನಿನ ಬಲ ಕೊಡಲು. ಇನ್ನೊಂದು ಹೈ-ಲೋಗೆ, ಲೋ ಅಂದರೆ ವೇಗ ಕಡಿಮೆ, ಎಳೆತ ಜಾಸ್ತಿ. ಲೋ ಹಾಕಿ ಮೊದಲ ಗೇರಿನಲ್ಲಿ ಹೊರಟರೆ ಇಂಜಿನ್ ಇಪ್ಪತ್ತೈದು ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುತ್ತದೆ. ಮಳೆ ಬಿದ್ದ ಮರುದಿನ ಕಣದ ಹಿಂದಿನ ಏರು ದಾರಿ ಹತ್ತಿಸಿದೆ. ಆಕ್ಸಲರೇಟರಿನಿಂದ ಕಾಲು ತೆಗೆದರೂ ನಡೆದುಕೊಂಡು ಹೋಗುವ ಎತ್ತಿನ ಹಾಗೆ ಹತ್ತಿತು. ಮೇಸ್ತ್ರಿ ಪಕ್ಕದಲ್ಲಿ ಕೂತು ಒಂದು ಕೈಯಲ್ಲಿ ಡ್ಯಾಶಿನ ಹಿಡಿ ಹಿಡಿದು ಕಿವಿ ಇಂಜಿನ್ನಿನ ಕಡೆಗೇ ಇಟ್ಟಿದ್ದರು.

ಬರುವಾಗ ಇಳಿಜಾರಿನಲ್ಲಿ ಎರಡನೇ ಗೇರು ತಾನಾಗಿ ಜಿಗಿದು ನ್ಯೂಟ್ರಲ್‌ಗೆ ಬಂತು. ಎರಡು ಸಲ. ಮೇಸ್ತ್ರಿ ಲಿವರಿನ ಮೇಲೆ ಕೈ ಇಟ್ಟು ನೋಡಿ, ಒಳಗಿನ ಸಿಂಕ್ರೊ, ಅಂದರೆ ಗೇರು ಸಲೀಸಾಗಿ ಕೂರುವಂತೆ ಮಾಡುವ ಭಾಗ, ಸವೆದಿದೆ ಎಂದರು. ಗೇರ್ ಬಾಕ್ಸ್ ಇಳಿಸಬೇಕು. ಈಗ ಕಪ್ಪಾತು (ಕಾಫಿ ಗಿಡ ಸವರುವ) ಕೆಲಸ ಇದೆ, ಮಳೆಗಾಲ ಶುರುವಾದ ಮೇಲೆ ಕೊಟ್ಟಿಗೆಯಲ್ಲಿ ಕೂತು ಬಿಚ್ಚುತ್ತೇವೆ. ಅಲ್ಲಿವರೆಗೆ ಇಳಿಜಾರಿನಲ್ಲಿ ನನ್ನ ಎಡಗೈ ಸ್ಟೇರಿಂಗಿನ ಮೇಲೆ, ಬಲಗೈ ಲಿವರಿನ ಮೇಲೆ.